ಅಷ್ಟೊಂದು ಕಾಪಿ ಆದ್ರೂ ಸ್ಲೈಡಲ್ಲಿ ಐದಾರೇ ಎಳೆ ಯಾಕೆ ಕಾಣುತ್ತೆ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ: ಹಣ್ಣಿನ ನೊಣದ ಲಾರ್ವಾದಲ್ಲಿ (ಮರಿಹುಳದಲ್ಲಿ) ಸೆಲ್ ಒಡೆದು ಎರಡಾಗದೇನೇ ಕ್ರೋಮೋಸೋಮು ಡಬಲ್ ಆಗ್ತಾನೇ ಹೋಗುತ್ತೆ ಅಂದ್ರೆ ಸಾವಿರಗಟ್ಟಲೆ ಕಾಣ್ಬೇಕಿತ್ತು, ಮೈಕ್ರೋಸ್ಕೋಪಿನ ಸ್ಲೈಡಲ್ಲಿ ಐದಾರೇ ಯಾಕಿದೆ, ಮತ್ತೆ ಇದು ಕ್ಯಾನ್ಸರ್ ಥರ ಅಲ್ವಾ ಅಂತ.

ಡಬಲ್ ಆಗೋದು ನಿಜ, ಆದ್ರೆ ಆದ ಕಾಪಿಗಳು ಬಿಟ್ಟು ಹೋಗಲ್ಲ, ಪಕ್ಕಪಕ್ಕದಲ್ಲೇ ಅಂಟ್ಕೊಂಡು ಕೂತಿರ್ತವೆ. ಲಾಲಾಗ್ರಂಥಿಯ ಸೆಲ್ಲಲ್ಲಿ ಸುಮಾರು 10 ಸಲ ಹೀಗಾಗುತ್ತೆ, ಲೆಕ್ಕ ಹಾಕಿದ್ರೆ ಒಂದೊಂದಕ್ಕೂ 1024 ಎಳೆ, ಅದರ ಮೇಲೆ ಅಪ್ಪನ ಕಡೇದು ಅಮ್ಮನ ಕಡೇದು ಎರಡೂ ಸೇರ್ಕೊಂಡೇ ಇರುತ್ತಲ್ಲ, ಸೋ ನೀವು ನೋಡಿದ ಒಂದು "ಎಳೆ" ಅಂದ್ರೆ ಹತ್ರಹತ್ರ 2000 ಎಳೆಯ ಕಂತೆ. ಒಂದೊಂದು ದಾರಕ್ಕೂ ಅದದೇ ಜಾಗದಲ್ಲಿ ಗಂಟು ಹಾಕಿ, ಅಂಥ ಸಾವಿರ ದಾರ ಒಟ್ಟಿಗೆ ಹಿಡಿದ್ರೆ ಗಂಟೆಲ್ಲ ಸೇರಿ ಅಡ್ಡಪಟ್ಟಿ ಥರ ಕಾಣುತ್ತಲ್ವಾ, ಆ ಕಪ್ಪು ಪಟ್ಟೆಗಳು ಅದೇನೇ. 1935ರಲ್ಲಿ ಬ್ರಿಡ್ಜಸ್ ಅನ್ನೋ ಅಮೆರಿಕದ ತಳಿವಿಜ್ಞಾನಿ ಕೂತು ಆ ಪಟ್ಟೆಗಳ ಮ್ಯಾಪನ್ನೇ ಮಾಡಿಟ್ರು, ಇವತ್ತಿಗೂ ಅದೇ ನಂಬರ್ ಹಾಕೋದು.

ಸ್ಲೈಡಲ್ಲಿ ಕಾಣೋ ಐದು ಉದ್ದದ ಕೈ ಅಂದ್ರೆ ಎಕ್ಸ್ ಕ್ರೋಮೋಸೋಮಿನದು ಒಂದು, ಎರಡನೇದರದ್ದು ಎರಡು, ಮೂರನೇದರದ್ದು ಎರಡು, ಜೊತೆಗೆ ಚುಕ್ಕಿ ಥರ ನಾಲ್ಕನೇದು. ಸೆಂಟ್ರೋಮಿಯರ್ (ಕ್ರೋಮೋಸೋಮಿನ ಕೈಗಳು ಸೇರೋ ಜಾಗ) ಪಕ್ಕದ ಭಾಗ ಮಾತ್ರ ಸರಿಯಾಗಿ ಕಾಪಿನೇ ಆಗಲ್ಲ, ಅದೆಲ್ಲ ಮಧ್ಯದಲ್ಲಿ ಒಂದು ಮುದ್ದೆ ಆಗಿರುತ್ತೆ, ಕೈಗಳು ಅಲ್ಲಿಂದ ಹೊರಡ್ತವೆ.

ನಾನು ಮೈಸೂರಲ್ಲಿ ಎಂಎಸ್ಸಿ ಮಾಡ್ವಾಗ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಮೀಡಿಯಾದಲ್ಲಿ ನೊಣ ಸಾಕ್ತಿದ್ವಿ (ಲ್ಯಾಬಲ್ಲಿ ಕೇಸರಿಬಾತ್ ವಾಸನೆ, ತಿನ್ನೋ ಹಾಗಿಲ್ಲ). ಸ್ಲೈಡ್ ಮಾಡೋಕೆ, ಬಾಟಲಿ ಗೋಡೆ ಹತ್ತೋಕೆ ಶುರು ಮಾಡಿದ ದಪ್ಪ ಹುಳ ಹಿಡ್ಕೊಂಡು, ಒಂದು ಸೂಜಿಲಿ ಮೈ ಒತ್ತಿ ಇನ್ನೊಂದ್ರಲ್ಲಿ ಬಾಯಿಯ ಕರಿ ಕೊಕ್ಕೆ ಎಳೆದ್ರೆ ಗಾಜಿನ ಥರ ಪಾರದರ್ಶಕವಾದ ಜೋಡಿ ಲಾಲಾಗ್ರಂಥಿ (ಗ್ಲ್ಯಾಂಡ್) ಹೊರಗೆ ಬರುತ್ತೆ, ಪಕ್ಕದಲ್ಲಿ ಬೆಳ್ಳಗೆ ಅಂಟಿರೋ ಕೊಬ್ಬು ಬಿಡಿಸ್ಬೇಕು. ಆರ್ಸೀನ್ ಅನ್ನೋ ಬಣ್ಣದಲ್ಲಿ ನೆನೆಸಿ, ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಲ್ಲಿ ಒತ್ತೋದು. ಒತ್ತುವಾಗ ಸ್ಲಿಪ್ ಕೂದಲಷ್ಟು ಜಾರಿದ್ರೂ ಎಲ್ಲಾ ಕಲಸಿ ಹೋಗುತ್ತೆ, ನನ್ನ ಮೊದಲ ಐದೂ ಹಾಗೇ ಹೋದ್ವು.

ಸೆಲ್ ಒಡೆಯದೇ ಕಾಪಿ ಮಾತ್ರ ಯಾಕೆ ಆಗುತ್ತೆ ಅಂದ್ರೆ, ಲಾರ್ವಾಗೆ ಟೈಮಿಲ್ಲ. ನಾಲ್ಕೇ ದಿನದಲ್ಲಿ ತೂಕ ಹೆಚ್ಚುಕಮ್ಮಿ 200 ಪಟ್ಟು ಆಗ್ಬೇಕು. ಸೆಲ್ ಒಡೀಬೇಕು ಅಂದ್ರೆ ಕ್ರೋಮೋಸೋಮೆಲ್ಲ ಸುತ್ತಿ ಗಟ್ಟಿ ಮಾಡ್ಕೊಂಡು ಅಷ್ಟು ಹೊತ್ತು ಜೀನ್ ಕೆಲಸ ನಿಲ್ಲಿಸ್ಬೇಕು, ಅದರ ಬದಲು ಜೀನ್ ಕಾಪಿ ಜಾಸ್ತಿ ಮಾಡ್ಕೊಂಡು ಸೆಲ್ಲೇ ದೊಡ್ಡದಾದ್ರೆ ಕೆಲಸ ನಡೀತಾ ಇರುತ್ತೆ. ಈ ಗ್ಲ್ಯಾಂಡು ಕೊನೆಗೆ ಪ್ಯೂಪಾನ (ಹುಳ ನೊಣ ಆಗೋ ಮುಂಚಿನ ಗೂಡಿನ ಹಂತ) ಗೋಡೆಗೆ ಅಂಟಿಸೋ ಗೋಂದು ಬೇರೆ ರಾಶಿ ರಾಶಿ ಮಾಡ್ಬೇಕು. ಒಳಗೆ ನಡೆಯೋದು ಏನಂದ್ರೆ, ಸೆಲ್ ಒಡೆಯೋಕೆ ಬೇಕಾದ ಸೈಕ್ಲಿನ್ ಎ, ಬಿ ಪ್ರೋಟೀನನ್ನ ಉಳಿಯೋಕೆ ಬಿಡಲ್ಲ, ಸೈಕ್ಲಿನ್ ಇ ಮಾತ್ರ ಏರುತ್ತೆ ಇಳಿಯುತ್ತೆ. ಏರಿದಾಗ ಕಾಪಿ, ಇಳಿದಾಗ ಮುಂದಿನ ಕಾಪಿಗೆ ತಯಾರಿ.

ಕ್ಯಾನ್ಸರ್ ಅಲ್ಲವೇ ಅಲ್ಲ. ಅಲ್ಲಿ ಸೆಲ್ ಸಂಖ್ಯೆ ಅಂಕೆ ಇಲ್ಲದೆ ಏರುತ್ತೆ, ಇಲ್ಲಿ ಮೊಟ್ಟೆಯೊಳಗೇ ನಿಗದಿಯಾದ ಸಂಖ್ಯೆ ಕೊನೇವರೆಗೂ ಅಷ್ಟೇ. ಪ್ಯೂಪಾ ಆದ ಒಂದು ದಿನದೊಳಗೆ ಇಡೀ ಗ್ಲ್ಯಾಂಡ್ ಕರಗಿಹೋಗುತ್ತೆ, ರೆಕ್ಕೆ ಕಾಲು ಕಣ್ಣು ಆಗೋದು ಬೇರೆ ಸೆಲ್ಲುಗಳಿಂದ, ಅವು ಮಾಮೂಲಿಯಾಗೇ ಒಡೀತಾ ಬಂದಿರ್ತವೆ.

ಮುಂದಿನ ಸಲ ಸ್ಲೈಡ್ ಸಿಕ್ಕಿದ್ರೆ ಗಂಡು ಲಾರ್ವಾದ್ದು ನೋಡಿ, ಎಕ್ಸ್ ಒಂದೇ ಇರೋದ್ರಿಂದ ಎಳೆ ಅರ್ಧಕ್ಕರ್ಧ ಕಮ್ಮಿ, ಆದ್ರೂ ಅಗಲ ಹೆಚ್ಚುಕಮ್ಮಿ ಉಳಿದವುಗಳಷ್ಟೇ, ಬಣ್ಣ ಮಾತ್ರ ಪೇಲವ. ಆ ಒಂದೇ ಎಕ್ಸು ಎರಡರ ಕೆಲಸ ಮಾಡ್ತಾ ಇರುತ್ತೆ, ಅದಕ್ಕೇ ಅಷ್ಟು ಸಡಿಲವಾಗಿ ಹರಡಿಕೊಂಡಿರೋದು.