ಹಲ್ಲಿಯ ತಾಯಿ ಕಡೆಯ ನಂಟು

ಪ್ರಶ್ನೆ: ಮಗಳು ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಒಂದೇ ಥರ ಕಾಣುವ ಎರಡು ಹಲ್ಲಿಗಳ ಮೈಟೊಕಾಂಡ್ರಿಯಾ ಜೀನೋಮ್ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗದ ಪೂರ್ತಿ ಡಿಎನ್ಎ) ಹೋಲಿಸಿ, ಇವು ಬೇರೆ ಬೇರೆ ಪ್ರಭೇದ ಅನ್ನುತ್ತಾಳೆ. ಅಷ್ಟೇ ಸಾಕೆ? ಉಳಿದ ಡಿಎನ್ಎ ಬಿಟ್ಟು ಅದನ್ನೇ ಯಾಕೆ ನೋಡುತ್ತಾರೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಧಾರವಾಡದಿಂದ ಪುಣೆಗೆ ಬಂದವಳು 19 ವರ್ಷ ಇಂಥದೇ ಲ್ಯಾಬಿನಲ್ಲಿದ್ದೆ. ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದ ಅಮ್ಮನಿಗೆ, ನಾನು ಅದರ ಬಾಲದ ತುದಿಯನ್ನು ಸ್ಪಿರಿಟ್ಟಿನಲ್ಲಿ ಹಾಕಿಡುತ್ತೇನೆಂದು ಕಡೆಯವರೆಗೂ ಹೇಳಲಿಲ್ಲ.

ಅಕ್ಕಿಕಾಳಿನಷ್ಟು ತುದಿ ಸಾಕು. ಒಂದು ಜೀವಕೋಶದಲ್ಲಿ ನ್ಯೂಕ್ಲಿಯಸ್ಸಿನ (ಕೋಶಕೇಂದ್ರದ) ಡಿಎನ್ಎ ಎರಡೇ ಪ್ರತಿ; ಮೈಟೊಕಾಂಡ್ರಿಯಾದ್ದು ನೂರಾರು, ಸಾವಿರಾರು. ಅದೂ ಸುಮಾರು 17,000 ಅಕ್ಷರಗಳ ಒಂದು ಪುಟ್ಟ ಬಳೆ, 37 ವಂಶವಾಹಿ. ಹತ್ತಿರದ ನಂಟರಲ್ಲಿ ಆ ವಂಶವಾಹಿಗಳ ಹಿಂದುಮುಂದಿನ ಕ್ರಮ ಸಾಮಾನ್ಯವಾಗಿ ಒಂದೇ, ಹಾಗಾಗಿ ಒಂದರ ಕೆಳಗೊಂದು ಇಟ್ಟು ತಾಳೆ ನೋಡುವುದು ಸುಲಭ. ಬೇಗ ಬದಲಾಗುವ ಡಿಎನ್ಎ ಆದ್ದರಿಂದ ಈಚೆಗೆ ಬೇರೆಯಾದವುಗಳ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಮಗಳಿಗೆ ಒಂದು ಮಾತು ಹೇಳಿ. ಮೊದಲ ವರ್ಷ ನನ್ನ ‘ಎನ್‌ಡಿ2’ ವಂಶವಾಹಿಯ ನಡುನಡುವೆ ಪ್ರೋಟೀನ್ ಕಟ್ಟುವುದನ್ನು ‘ನಿಲ್ಲು’ ಎಂಬ ಸಂಕೇತ ಸಿಕ್ಕಿತು. ನ್ಯೂಕ್ಲಿಯಸ್ಸಿಗೆ ನುಸುಳಿ ಕೆಟ್ಟುಹೋದ ಪ್ರತಿಯನ್ನು ಓದಿದೆನೆಂದು ಗಾಬರಿಯಾಗಿ ಎರಡು ದಿನ ಪಿಸಿಆರ್ (ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮತ್ತೆ ಮತ್ತೆ ಮಾಡಿದೆ. ಅಂಥ ಪ್ರತಿಗಳು ಇರುವುದು ನಿಜ. ಆದರೆ ನಾನು ಎಡವಿದ್ದು ಕಂಪ್ಯೂಟರಿನಲ್ಲಿ: ಟಿಜಿಎ ಎಂಬ ಮೂರಕ್ಷರದ ಸಂಕೇತ ಎಂದರೆ ನ್ಯೂಕ್ಲಿಯಸ್ಸಿನ ಲೆಕ್ಕದಲ್ಲಿ ‘ನಿಲ್ಲು’, ಹಲ್ಲಿಯ ಮೈಟೊಕಾಂಡ್ರಿಯಾದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ. ಸಂಕೇತ ಓದುವ ಕೋಷ್ಟಕ ಬದಲಿಸಲು ಮರೆತಿದ್ದೆ!

ಅಷ್ಟೇ ಸಾಕೆ ಅಂದಿರಲ್ಲ, ಸಾಲದು. ಮೈಟೊಕಾಂಡ್ರಿಯಾ ಮರಿಗೆ ಬರುವುದು ತಾಯಿಯಿಂದ, ಹಾಗಾಗಿ ಇದು ತಾಯಿ ಕಡೆಯ ಕತೆ ಮಾತ್ರ. ಕಾಕಸಸ್ ಬೆಟ್ಟಗಳಲ್ಲಿ ‘ಡರೆವ್ಸ್ಕಿಯಾ ಅರ್ಮೇನಿಯಾಕಾ’ ಎಂಬ ಹಲ್ಲಿಯಿದೆ. ಗಂಡಿನ ಹಂಗಿಲ್ಲದೆ ಮರಿ ಮಾಡುತ್ತದೆ. ಎರಡು ಪ್ರಭೇದ ಕೂಡಿ ಹುಟ್ಟಿದ ವಂಶ. ಅದರ ಮೈಟೊಕಾಂಡ್ರಿಯಾ ಕೇಳಿದರೆ ತಾಯಿ ‘ಮಿಕ್ಸ್ಟಾ’ ಅನ್ನುತ್ತದೆ, ತಂದೆ ‘ವ್ಯಾಲೆಂಟಿನಿ’ಯ ಸುದ್ದಿಯೇ ಎತ್ತುವುದಿಲ್ಲ. ಅದನ್ನು ನ್ಯೂಕ್ಲಿಯಸ್ಸೇ ಹೇಳಬೇಕು.

ನಿಮ್ಮ ಮಗ್ಗುಲಿನದೇ ಉದಾಹರಣೆ ಬೇಕೆ? ಸಾತಾರಾದ ಚಾಳಕೆವಾಡಿಯ ಬಣ್ಣದ ಗಂಟಲಿನ ಓತಿಕ್ಯಾತವನ್ನು 2016ರಲ್ಲಿ ‘ಸರಡಾ’ ಎಂಬ ಹೊಸ ಕುಲಕ್ಕೆ ಸೇರಿಸಿದಾಗ ಡಿಎನ್ಎ ಜೊತೆ ಮೈಕಟ್ಟನ್ನೂ ನೋಡಿದ್ದರು. ಹೆಸರು ಮರಾಠಿಯದೇ, ಓತಿಕ್ಯಾತಕ್ಕೆ ನೀವು ದಿನಾ ಕೇಳುವ ಶಬ್ದ.

ಆದ್ದರಿಂದ ಮಗಳನ್ನು ಕೇಳಿ: ಒಂದೊಂದು ಬಗೆಯಲ್ಲಿ ಎಷ್ಟು ಹಲ್ಲಿ ನೋಡಿದ್ದಾಳೆ, ಬೆನ್ನಿನ ಹುರುಪೆ ಎಣಿಸಿದ್ದಾಳಾ, ಗಂಡಿನ ತೊಡೆಯಡಿಯ ರಂಧ್ರ ಎಣಿಸಿದ್ದಾಳಾ?