ಡ್ಯಾನ್ಯೂಬ್ ನದಿಯಲ್ಲಿ ಒಂದು ವಾರ: ವಯಸ್ಸಾದ ತಂದೆತಾಯಿ, ಹನ್ನೆರಡರ ಮಗಳು ಜೊತೆಗಿದ್ದರೆ ಯಾವ ಕಂಪನಿಯ ಹಡಗು ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೈಸೂರಿನಿಂದ ಐವರು ಬರುತ್ತಿದ್ದೀರಿ: ನೀವಿಬ್ಬರು, ಹನ್ನೆರಡು ವರ್ಷದ ಮಗಳು, ಅರವತ್ತೆಂಟರ ತಂದೆ, ಮಂಡಿನೋವಿರುವ ತಾಯಿ. ಎಲ್ಲರೂ ಸಸ್ಯಾಹಾರಿಗಳು, ತಾಯಿಗೆ ಮೊಟ್ಟೆಯೂ ಆಗದು. ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗಿನ ಪ್ರಯಾಣ ನೋಡಿದ್ದೀರಿ. ವೈಕಿಂಗ್, ಅಮಾವಾಟರ್‌ವೇಸ್, ಯೂನಿವರ್ಲ್ಡ್, ಅ-ರೋಸಾ ಈ ನಾಲ್ಕರಲ್ಲಿ ಯಾವುದೆಂದು ಕೇಳಿದ್ದೀರಿ.

ನಾನು ಒಂಬತ್ತು ವರ್ಷಗಳಿಂದ ಜರ್ಮನಿಯ ರೆಗೆನ್ಸ್‌ಬರ್ಗ್‌ನಲ್ಲಿದ್ದೇನೆ. ಮನೆಯಿಂದ ಹತ್ತು ನಿಮಿಷ ನಡೆದರೆ ಡ್ಯಾನ್ಯೂಬ್. ನೀವು ಹೆಸರಿಸಿದಂಥ ಕಂಪನಿಗಳ ಹಡಗುಗಳು ಹಳೆಯ ಕಲ್ಲುಸೇತುವೆ ದಾಟಿ ನದಿ ಹರಿಯುವ ದಿಕ್ಕಿನಲ್ಲಿ ಲಂಗರು ಹಾಕಿರುವುದನ್ನು ಬೇಸಿಗೆಯುದ್ದಕ್ಕೂ ನೋಡುತ್ತೇನೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಒಮ್ಮೆ, ಅತ್ತೆ ಮಾವನವರನ್ನು ಇನ್ನೊಮ್ಮೆ ಇದೇ ನದಿಯಲ್ಲಿ ಕರೆದುಕೊಂಡು ಹೋಗಿದ್ದೇನೆ. ಒಂದು ಪ್ರಯಾಣ ಕೆಟ್ಟಿತು, ಇನ್ನೊಂದು ಮನಸ್ಸು ತುಂಬಿಸಿತು. ಎರಡನ್ನೂ ನಿರ್ಧರಿಸಿದ್ದು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ತಿಂಗಳು ಮತ್ತು ಹೊರಟ ಊರು. ಹಾಗಾಗಿ ಮೊದಲು ಆ ಎರಡನ್ನು ಬದಲಾಯಿಸಿ ಎಂದು ಕೇಳಿಕೊಳ್ಳುತ್ತೇನೆ.

ಅದಕ್ಕೂ ಮುಂಚೆ ಒಂದು ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ. ವೈಕಿಂಗ್ ಹಡಗುಗಳಲ್ಲಿ ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಮಗಳನ್ನು ಬಿಟ್ಟು ಬರುವ ಯೋಚನೆ ನಿಮಗಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಏಜೆಂಟರು ಇದನ್ನು ನಿಮಗೆ ಹೇಳಿರಲಿಲ್ಲ ಎಂಬುದು ನನಗೆ ಬೇಸರ ತಂದಿತು. ಬೇರೆ ಕಂಪನಿಗಳಲ್ಲೂ ಕನಿಷ್ಠ ವಯಸ್ಸಿನ ನಿಯಮಗಳಿವೆ. ಯಾರಲ್ಲಿ ಕಾಯ್ದಿರಿಸಿದರೂ ಮಗಳ ಜನ್ಮದಿನಾಂಕ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಈಗ ಹಡಗುಗಳ ವಿಷಯ. ನ್ಯೂರೆಂಬರ್ಗ್ ಕಡೆಯಿಂದ ಬರುವ ಹಡಗುಗಳು ಯಾವ ಕಂಪನಿಯವಾದರೂ ಹೊರಗಿನಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಕಾರಣ ಲಾಕ್‌ಗಳು, ಎಂದರೆ ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಳಿಸುವ ಕಾಂಕ್ರೀಟ್ ತೊಟ್ಟಿಗಳು. ಮೈನ್ ನದಿಯನ್ನೂ ಡ್ಯಾನ್ಯೂಬನ್ನೂ ಜೋಡಿಸುವ 171 ಕಿಲೋಮೀಟರ್ ಕಾಲುವೆ 1992ರಲ್ಲಿ ತೆರೆಯಿತು. ಅದರ 16 ಲಾಕ್‌ಗಳ ಅಗಲ 12 ಮೀಟರ್. ಅದರೊಳಗೆ ತೂರಬೇಕಾದ ಹಡಗು ಹನ್ನೊಂದೂವರೆ ಮೀಟರಿಗಿಂತ ಅಗಲವಾಗುವಂತಿಲ್ಲ, ಉದ್ದ ಹೆಚ್ಚೆಂದರೆ 135 ಮೀಟರ್. ಸೇತುವೆಗಳು ತಗ್ಗಾಗಿರುವುದರಿಂದ ಎತ್ತರಕ್ಕೂ ಮಿತಿಯಿದೆ. ಕೆಲವೆಡೆ ಚಾಲಕನ ಕೋಣೆಯನ್ನೇ ಕೆಳಗಿಳಿಸಿ, ಮೇಲಿನ ಡೆಕ್‌ನಿಂದ ಎಲ್ಲರನ್ನೂ ಕೆಳಗೆ ಕಳುಹಿಸಿ ಮುಂದೆ ಸಾಗುತ್ತಾರೆ.

ಹೊರಗಿನ ಅಳತೆ ಒಂದೇ ಆದಾಗ ನೋಡಬೇಕಾದದ್ದು ಅದರೊಳಗೆ ಎಷ್ಟು ಜನರನ್ನು ಕೂರಿಸುತ್ತಾರೆ ಎಂಬುದನ್ನು. ವೈಕಿಂಗ್‌ನ 135 ಮೀಟರ್ ಹಡಗಿನಲ್ಲಿ 190 ಜನ. ಅಷ್ಟೇ ಅಳತೆಯ ಅಮಾ ಹಡಗಿನಲ್ಲಿ 160ರ ಆಸುಪಾಸು. ಯೂನಿವರ್ಲ್ಡ್‌ನ ಮಾರಿಯಾ ತೆರೇಸಾದಲ್ಲಿ 150. ಕ್ಯಾಬಿನ್ ಎಷ್ಟು ವಿಶಾಲ, ಊಟದ ಮನೆ ಎಷ್ಟು ಗದ್ದಲ ಎಂಬುದನ್ನು ಈ ಸಂಖ್ಯೆ ಜಾಹೀರಾತಿನ ಚಿತ್ರಗಳಿಗಿಂತ ನಿಖರವಾಗಿ ಹೇಳುತ್ತದೆ.

ನಮ್ಮ ಕೆಟ್ಟ ಪ್ರಯಾಣ 2022ರ ಆಗಸ್ಟ್‌ನದು. ಆ ವರ್ಷ ಯುರೋಪಿನಲ್ಲಿ ಬರ. ರೈನ್ ನದಿಯ ಕೌಬ್ ಎಂಬಲ್ಲಿನ ಮಾಪಕ 32 ಸೆಂಟಿಮೀಟರಿಗೆ ಇಳಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿತ್ತು. ಡ್ಯಾನ್ಯೂಬಿನಲ್ಲೂ ನೀರಿರಲಿಲ್ಲ. ನಾವು ನಮ್ಮೂರಿನಿಂದಲೇ ಹಡಗು ಹತ್ತಬೇಕಿತ್ತು. ಹಿಂದಿನ ಸಂಜೆ ಸಂದೇಶ ಬಂತು: ಹಡಗು ರೆಗೆನ್ಸ್‌ಬರ್ಗ್‌ಗೆ ಬರುವುದಿಲ್ಲ, ಆಸ್ಟ್ರಿಯಾ ಗಡಿಯ ಊರು ಪಸ್ಸಾವ್‌ವರೆಗೆ ಬಸ್. ಅಲ್ಲಿ ಸಿಕ್ಕಿದ್ದು ಅದೇ ಕಂಪನಿಯ ಇನ್ನೊಂದು ಹಡಗು. ಬಾಲ್ಕನಿಯ ಕ್ಯಾಬಿನ್‌ಗೆ ಹಣ ಕೊಟ್ಟಿದ್ದ ಅಪ್ಪ ಅಮ್ಮನಿಗೆ ಕೆಳಗಿನ ಡೆಕ್ ಬಂತು. ಅಲ್ಲಿ ಕಿಟಕಿ ತೆರೆಯುವುದಿಲ್ಲ, ನೀರಿನ ಮಟ್ಟದಿಂದ ಸ್ವಲ್ಪವೇ ಮೇಲೆ ಒಂದು ಗಾಜಿನ ಪಟ್ಟಿ ಅಷ್ಟೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಎರಡು ವರ್ಷ ಕಾದು ಬಂದವರು ಕ್ಯಾಬಿನ್‌ಗೆ ಹೋಗಲು ಮನಸ್ಸಿಲ್ಲದೆ ರಾತ್ರಿ ಹನ್ನೊಂದರವರೆಗೆ ಹಜಾರದಲ್ಲೇ ಕೂತಿದ್ದರು. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಒಪ್ಪಂದ ತೆಗೆದು ನೋಡಿದರೆ, ನೀರಿನ ಮಟ್ಟದ ಕಾರಣಕ್ಕೆ ಹಡಗು, ಮಾರ್ಗ, ಕ್ಯಾಬಿನ್ ಯಾವುದನ್ನಾದರೂ ಬದಲಾಯಿಸುವ ಹಕ್ಕನ್ನು ಕಂಪನಿ ಮೊದಲೇ ಇಟ್ಟುಕೊಂಡಿತ್ತು.

ಆಮೇಲೆ ಕೂತು ನದಿಯನ್ನೇ ಓದಿದೆ. ಆಸ್ಟ್ರಿಯಾದುದ್ದಕ್ಕೂ ಡ್ಯಾನ್ಯೂಬಿಗೆ ಮೆಟ್ಟಿಲು ಮೆಟ್ಟಿಲಾಗಿ ಅಣೆಕಟ್ಟುಗಳಿವೆ. ಯೊಖೆನ್‌ಸ್ಟೈನ್‌ನಿಂದ ಫ್ರಾಯ್ಡೆನೌವರೆಗೆ ಹತ್ತು. ಅವು ನೀರನ್ನು ಹಿಡಿದಿಡುವುದರಿಂದ ಬರಗಾಲದಲ್ಲೂ ಬಹುಪಾಲು ಕಡೆ ಹಡಗಿಗೆ ಬೇಕಾದ ಆಳ ಉಳಿಯುತ್ತದೆ. ಆದರೆ ಜರ್ಮನಿಯ ಬವೇರಿಯಾದಲ್ಲಿ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗಿನ ಸುಮಾರು 70 ಕಿಲೋಮೀಟರ್ ನದಿಗೆ ಅಣೆಕಟ್ಟಿಲ್ಲ. ನದಿ ಅಲ್ಲಿ ತನ್ನ ಪಾಡಿಗೆ ಹರಿಯುತ್ತದೆ. ಪರಿಸರದ ದೃಷ್ಟಿಯಿಂದ ಅದು ಒಳ್ಳೆಯದೇ, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಇಲ್ಲಿನ ಜನ ದಶಕಗಳ ಕಾಲ ಹೋರಾಡಿದ್ದಾರೆ. ಆದರೆ ನೀರು ತಗ್ಗಿದಾಗ ಹಡಗುಗಳು ಸಿಕ್ಕಿಬೀಳುವುದೂ ಅಲ್ಲಿಯೇ. ನ್ಯೂರೆಂಬರ್ಗ್‌ನಿಂದ ಅಥವಾ ರೆಗೆನ್ಸ್‌ಬರ್ಗ್‌ನಿಂದ ಹೊರಟರೆ ಆ ಕುತ್ತಿಗೆಯನ್ನು ದಾಟಲೇಬೇಕು. ಪಸ್ಸಾವ್ ಅಥವಾ ವಿಲ್ಸ್‌ಹೋಫೆನ್‌ನಿಂದ ಹೊರಟರೆ ಅದು ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ. ನ್ಯೂರೆಂಬರ್ಗ್ ನೋಡುವ ಆಸೆಯಿದ್ದರೆ ಎರಡು ದಿನ ಮೊದಲೇ ಬಂದು ನೋಡಿ, ಪಸ್ಸಾವ್‌ಗೆ ರೈಲಿನಲ್ಲಿ ಬನ್ನಿ.

ತಿಂಗಳಿನ ವಿಷಯದಲ್ಲಿ ನಿಮಗೆ ಅನುಕೂಲವೇ ಇದೆ. ಕರ್ನಾಟಕದಲ್ಲಿ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ಆಲ್ಪ್ಸ್ ಹಿಮ ಕರಗಿ ನದಿಯಲ್ಲಿ ನೀರು ಚೆನ್ನಾಗಿರುವ ಕಾಲವೂ ಅದೇ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಬನ್ನಿ. ಜೂನ್ ಮುಟ್ಟಬೇಡಿ: 2013ರ ಜೂನ್ ಆರಂಭದಲ್ಲಿ ಪಸ್ಸಾವ್‌ನಲ್ಲಿ ನೀರಿನ ಮಟ್ಟ 12.89 ಮೀಟರಿಗೆ ಏರಿತು, 1501ರ ನಂತರ ಅಷ್ಟು ಏರಿರಲಿಲ್ಲ. 2024ರ ಜೂನ್‌ನಲ್ಲೂ ಪ್ರವಾಹ ಬಂತು. ನೀರು ಹೆಚ್ಚಾದರೆ ಹಡಗು ಸೇತುವೆಯಡಿ ನುಸುಳಲಾರದು, ಕಡಿಮೆಯಾದರೆ ತಳ ತಾಗುತ್ತದೆ. ನದಿ ಪ್ರಯಾಣಕ್ಕೆ ಪೂರ್ಣ ಭರವಸೆ ಯಾರೂ ಕೊಡಲಾರರು. ಆದರೆ ಅಪಾಯ ಕಡಿಮೆಯಿರುವ ವಾರಗಳನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಇನ್ನು ಉಳಿದ ಮೂರು ಕಂಪನಿಗಳು. ಅ-ರೋಸಾ ರೋಸ್ಟಾಕ್ ಊರಿನ ಜರ್ಮನ್ ಕಂಪನಿ. ಮಕ್ಕಳಿಗೆ ಸ್ವಾಗತವಿದೆ, ಊಟ ಬಫೆ. ಬಫೆಯಲ್ಲಿ ಬಡಿಸಿಟ್ಟದ್ದನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳಬಹುದು, ಸಸ್ಯಾಹಾರಿಗಳಿಗೆ ಅದು ಸಮಾಧಾನ. ದರವೂ ಹಗುರ. ಆದರೆ ಸುತ್ತಾಟಗಳಿಗೆ ಸಾಮಾನ್ಯವಾಗಿ ಬೇರೆ ಹಣ, ಸಹಪ್ರಯಾಣಿಕರಲ್ಲಿ ಹೆಚ್ಚಿನವರು ಜರ್ಮನ್ನರು. ನನ್ನಂತೆ ಭಾಷೆ ಬಲ್ಲವರಿಗೆ ಅದು ತೊಡಕಲ್ಲ. ನಿಮ್ಮ ತಂದೆಯವರಿಗೆ ಪಕ್ಕದ ಮೇಜಿನವರೊಡನೆ ನಾಲ್ಕು ಮಾತಾಡುವ ಇಷ್ಟವಿದೆ ಎಂದು ಬರೆದಿದ್ದೀರಿ. ಅವರಿಗೆ ಇಂಗ್ಲಿಷ್ ನಡೆಯುವ ಹಡಗೇ ಸರಿ.

ಯೂನಿವರ್ಲ್ಡ್ ಅರಮನೆಯ ಶೈಲಿ: ಗಾಜಿನ ತೂಗುದೀಪ, ಕೈಕೆಲಸದ ಬಟ್ಟೆಗಳು, ಪಾನೀಯ ಮತ್ತು ಟಿಪ್ಸ್ ಸೇರಿದ ದರ. ಸೇವೆ ನಿಜಕ್ಕೂ ಉತ್ತಮವೆಂದು ಪ್ರಯಾಣಿಸಿದ ಸ್ನೇಹಿತರು ಹೇಳುತ್ತಾರೆ. ಆದರೆ ಆ ಬೆಲೆಯಲ್ಲಿ ವೈನ್ ಮತ್ತು ಮದ್ಯದ ಪಾಲೂ ಇದೆ. ನಿಮ್ಮಲ್ಲಿ ಕುಡಿಯುವವರು ಯಾರೂ ಇಲ್ಲ. ಐದು ಜನರ ಲೆಕ್ಕದಲ್ಲಿ ಅದು ನಷ್ಟ.

ನಿಮ್ಮ ಕುಟುಂಬಕ್ಕೆ ನಾನು ಅಮಾವಾಟರ್‌ವೇಸ್ ಅನ್ನು ಮೊದಲಿಗಿಡುತ್ತೇನೆ. ಇದು 2002ರಲ್ಲಿ ಆರಂಭವಾದ ಕಂಪನಿ. ಅವರ ಪ್ರತಿ ಊರಿನ ಸುತ್ತಾಟದಲ್ಲಿ ನಡಿಗೆಯ ವೇಗಕ್ಕೆ ತಕ್ಕ ಗುಂಪುಗಳಿರುತ್ತವೆ. ಮೆಲ್ಲನೆ ನಡೆಯುವವರಿಗೆ ಒಂದು, ಚುರುಕಾಗಿ ನಡೆಯುವವರಿಗೆ ಇನ್ನೊಂದು. ಹಡಗಿನಲ್ಲೇ ಸೈಕಲ್‌ಗಳಿವೆ. ಅಮ್ಮ ಮೊದಲ ಗುಂಪಿನಲ್ಲಿ ನಿಧಾನವಾಗಿ ಚರ್ಚ್ ನೋಡುವಾಗ ನೀವು ಮಗಳ ಜೊತೆ ದಂಡೆಯಲ್ಲಿ ಸೈಕಲ್ ತುಳಿಯಬಹುದು. ಒಂದೇ ಹಡಗಿನಲ್ಲಿ ಮೂರು ತಲೆಮಾರಿನವರು ಒಬ್ಬರಿಗೊಬ್ಬರು ಭಾರವಾಗದೆ ಇರಲು ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ಇನ್ನೊಂದು ಕಾರಣವೂ ಇದೆ. ಎಲ್ಲ ಕಂಪನಿಗಳೂ ಒಂದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ ತಲಾ ದರ ಹೇಳುತ್ತವೆ. ನೀವು ಐವರು. ಮಗಳಿಗೆ ಪ್ರತ್ಯೇಕ ಕ್ಯಾಬಿನ್ ಎಂದರೆ ಬಹುಪಾಲು ಇಬ್ಬರ ಹಣ ಕೊಟ್ಟಂತೆ, ಜೊತೆಗೆ ಆ ವಯಸ್ಸಿನ ಮಗುವನ್ನು ಒಂಟಿಯಾಗಿ ಮಲಗಿಸಬೇಕು. ಅಮಾದ ಕೆಲವು ಹಡಗುಗಳಲ್ಲಿ ಮೂವರ ಕ್ಯಾಬಿನ್‌ಗಳೂ ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್‌ಗಳೂ ಇವೆ. ಅವು ಬೆರಳೆಣಿಕೆಯಷ್ಟು, ಎಲ್ಲಕ್ಕಿಂತ ಮೊದಲು ಮಾರಾಟವಾಗುತ್ತವೆ. ಹಾಗಾಗಿ ‘ಯಾವ ದಿನಾಂಕ’ ಎಂದು ಕೇಳುವ ಬದಲು ‘ಮೂವರ ಕ್ಯಾಬಿನ್ ಇರುವ ಹಡಗು ಯಾವುದು, ಅದು ಪಸ್ಸಾವ್ ಕಡೆಯಿಂದ ಯಾವಾಗ ಹೊರಡುತ್ತದೆ’ ಎಂದು ಕೇಳಿ.

ಅದು ಸಿಗದಿದ್ದರೆ ಅವಲಾನ್ ಎಂಬ ಇನ್ನೊಂದು ಕಂಪನಿಯನ್ನು ನೋಡಿ. ಅವರ ಮೇಲಿನ ಡೆಕ್‌ಗಳ ಕ್ಯಾಬಿನ್‌ಗಳಲ್ಲಿ ಹಾಸಿಗೆ ನದಿಯ ಕಡೆಗೆ ಮುಖ ಮಾಡಿರುತ್ತದೆ, ಗೋಡೆಯಗಲದ ಕಿಟಕಿ ವಿಶಾಲವಾಗಿ ತೆರೆಯುತ್ತದೆ. ನೋವು ಹೆಚ್ಚಾದ ದಿನ ತಾಯಿ ಕ್ಯಾಬಿನ್‌ನಲ್ಲೇ ಉಳಿದರೂ ದಂಡೆಗಳು ಅವರ ಕಣ್ಣಮುಂದೆ ಸಾಗುತ್ತಿರುತ್ತವೆ.

ಮಂಡಿನೋವಿನ ಬಗ್ಗೆ ಇನ್ನೂ ಹೇಳಬೇಕು. ಹಡಗುಗಳಲ್ಲಿ ಲಿಫ್ಟ್ ಇದೆ ಎಂದು ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ತೆರೆದ ಡೆಕ್‌ಗೆ ಹೋಗುವುದಿಲ್ಲ, ಎಷ್ಟೋ ಹಡಗುಗಳಲ್ಲಿ ಕೆಳಗಿನ ಡೆಕ್‌ಗೂ ಇಳಿಯುವುದಿಲ್ಲ. ದಟ್ಟಣೆಯ ಊರುಗಳಲ್ಲಿ ಎರಡು ಮೂರು ಹಡಗುಗಳನ್ನು ಪಕ್ಕಪಕ್ಕಕ್ಕೆ ಕಟ್ಟುತ್ತಾರೆ. ಆಗ ದಡ ಸೇರಲು ಬೇರೆ ಹಡಗುಗಳನ್ನು ದಾಟಬೇಕು, ಕೆಲವೊಮ್ಮೆ ಮೆಟ್ಟಿಲು ಹತ್ತಿ ಮೇಲಿನಿಂದ. ಹಳೆಯ ಊರುಗಳ ನೆಲವೆಲ್ಲ ಉರುಟು ಕಲ್ಲು. ತಾಯಿಗೆ ದಪ್ಪ ಅಟ್ಟೆಯ ಬೂಟು, ಮಡಚುವ ಊರುಗೋಲು ಇರಲಿ. ವಿಯೆನ್ನಾದಲ್ಲಿ ಹಡಗು ನಿಲ್ಲುವ ಜಾಗ ನಗರದ ನಡುವಿನಿಂದ ದೂರ, ಅಲ್ಲಿ ಮೆಟ್ರೋ ಸುಲಭ. ಬ್ರಾಟಿಸ್ಲಾವಾದಲ್ಲಿ ಇಳಿದರೆ ಹಳೆಯ ಊರು ಕಾಲಬುಡದಲ್ಲೇ ಇದೆ.

ಊಟದ ವಿಷಯದಲ್ಲಿ ‘ಸಸ್ಯಾಹಾರಿ’ ಎಂಬ ಒಂದೇ ಪದ ಸಾಲದು. ಇಲ್ಲಿನ ತರಕಾರಿ ಸೂಪಿನ ತಳದಲ್ಲಿ ಮಾಂಸದ ಸಾರಿರಬಹುದು, ಹಂಗೇರಿಯ ಅಡುಗೆಯಲ್ಲಿ ಹಂದಿಯ ಕೊಬ್ಬಿರಬಹುದು, ಸಿಹಿಯಲ್ಲಿ ಜೆಲಟಿನ್ ಇರಬಹುದು, ನೂಡಲ್ಸ್‌ನಲ್ಲಿ ಮೊಟ್ಟೆ ಇರಬಹುದು. ಅತ್ತೆಯವರೂ ಮೊಟ್ಟೆ ತಿನ್ನುವುದಿಲ್ಲ. ಎರಡನೇ ಪ್ರಯಾಣಕ್ಕೆ ಆರು ವಾರ ಮೊದಲೇ ಏನೇನು ಬೇಡ ಎಂದು ಒಂದೊಂದಾಗಿ ಬರೆದು ಕಳುಹಿಸಿದೆ, ಏನು ತಿನ್ನುತ್ತೇವೆ ಎಂಬುದನ್ನೂ ಬರೆದೆ. ಮೊದಲ ಸಂಜೆಯೇ ಊಟದ ಮನೆಯ ಮುಖ್ಯಸ್ಥರು ಮಾರನೆಯ ದಿನದ ಪಟ್ಟಿ ಹಿಡಿದು ನಮ್ಮ ಮೇಜಿಗೆ ಬಂದರು. ವಾರವಿಡೀ ಹಾಗೇ ಬಂದರು. ಮೂರನೇ ದಿನ ಅಡುಗೆಯವರು ಬೇಳೆ ಬೇಯಿಸಿ, ಜೀರಿಗೆ ಒಗ್ಗರಣೆ ಹಾಕಿ ಕಳುಹಿಸಿದಾಗ ಅತ್ತೆ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ ಕೈಮುಗಿದು ಬಂದರು. ಮೇ ತಿಂಗಳಲ್ಲಿ ಬಂದರೆ ಬಿಳಿ ಶತಾವರಿಯ ಕಾಲ. ಆ ಎಳೆ ದಂಟುಗಳನ್ನು ಬೆಣ್ಣೆ, ಆಲೂಗಡ್ಡೆಯೊಂದಿಗೆ ಕೊಡುತ್ತಾರೆ, ತಪ್ಪಿಸಿಕೊಳ್ಳಬೇಡಿ. ಚಟ್ನಿಪುಡಿ ತನ್ನಿ, ತುಪ್ಪದ ಡಬ್ಬ ಬೇಡ. ಹಾಲಿನ ಉತ್ಪನ್ನಗಳನ್ನು ಹೊರದೇಶದಿಂದ ಇಲ್ಲಿಗೆ ತರುವಂತಿಲ್ಲ.

ವೀಸಾ ಬಗ್ಗೆ ಕೇಳಿದ್ದೀರಿ. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ. ಹೆಚ್ಚು ದಿನ ಯಾವ ದೇಶದಲ್ಲಿ ಕಳೆಯುತ್ತೀರೋ ಅಲ್ಲಿಗೆ ಅರ್ಜಿ. ಪಸ್ಸಾವ್‌ನಿಂದ ಬುಡಾಪೆಸ್ಟ್‌ಗಾದರೆ ಅದು ಸಾಮಾನ್ಯವಾಗಿ ಆಸ್ಟ್ರಿಯಾ, ಆದರೆ ಹಿಂದೆ ಮುಂದೆ ಸೇರಿಸುವ ದಿನಗಳನ್ನೂ ಎಣಿಸಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದರ ಜೊತೆಗೆ ಪ್ರಯಾಣ ರದ್ದಾದರೆ ಹಣ ಕೊಡುವ ವಿಮೆಯನ್ನೂ ತೆಗೆದುಕೊಳ್ಳಿ, ಹಿರಿಯರಿದ್ದಾರೆ.

ಹಣ ಕಟ್ಟುವ ಮುನ್ನ ಏಜೆಂಟರಿಂದ ಗಂಟೆವಾರು ವೇಳಾಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ನೋಡಬೇಕಾದ್ದು ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆಯನ್ನು ಹಗಲಿನಲ್ಲಿ ದಾಟುತ್ತಾರೋ ಇಲ್ಲವೋ ಎಂದು. ಮೂವತ್ತೈದು ಕಿಲೋಮೀಟರಿನ ಆ ಹಾದಿಯಲ್ಲಿ ದ್ರಾಕ್ಷಿ ತೋಟದ ಮೆಟ್ಟಿಲುಗಳು, ಏಪ್ರಿಕಾಟ್ ಮರಗಳು, ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟಿದ್ದ ಡ್ಯೂರ್ನ್‌ಸ್ಟೈನ್ ಕೋಟೆಯ ಅವಶೇಷ, ಎಲ್ಲವೂ ಇವೆ. ಕೆಲವು ವೇಳಾಪಟ್ಟಿಗಳಲ್ಲಿ ಅದನ್ನು ರಾತ್ರಿ ನಿದ್ದೆಯಲ್ಲಿ ದಾಟಿಬಿಡುತ್ತಾರೆ. ಅಂಥದ್ದನ್ನು ಯಾವ ಕಂಪನಿಯದಾದರೂ ಒಪ್ಪಬೇಡಿ.

ಬುಡಾಪೆಸ್ಟ್ ಮಾತ್ರ ಕತ್ತಲಾದ ಮೇಲೆ ಬರಬೇಕು. ಹಡಗು ನಗರದೊಳಗೆ ಹೋಗುವಾಗ ಸಂಸತ್ ಭವನ ಎಡದಂಡೆಯಲ್ಲಿ ಪೂರ್ತಿ ದೀಪ ಹೊತ್ತು ನಿಂತಿರುತ್ತದೆ. ಅರ್ಧ ಗಂಟೆ ಮೊದಲೇ ತಾಯಿಯವರನ್ನು ನಿಧಾನವಾಗಿ ಮೇಲಿನ ಡೆಕ್‌ಗೆ ಹತ್ತಿಸಿ, ಎಡಬದಿಯ ಕುರ್ಚಿಯಲ್ಲಿ ಕೂರಿಸಿ. ಮೇ ತಿಂಗಳಲ್ಲೂ ನದಿಯ ಮೇಲೆ ಗಾಳಿ ಕೊರೆಯುತ್ತದೆ, ದಪ್ಪ ಶಾಲು ಕೈಯಲ್ಲಿರಲಿ.