ಓದುಗರ ಪ್ರಶ್ನೆ: ಅರೊಕೋತ್‌ನ ನೆರಳು ಹಿಡಿದದ್ದು ಹೇಗೆ?

ಪ್ರಶ್ನೆ: ಕೈಪರ್ ಪಟ್ಟಿಯ (ನೆಪ್ಚೂನ್ ಆಚೆಗಿನ ಹಿಮಕಾಯಗಳ ವಲಯ) ಅರೊಕೋತ್ ಹಬಲ್ ದೂರದರ್ಶಕಕ್ಕೂ ಬರೀ ಮಂಕು ಚುಕ್ಕಿ. ಆದರೂ ನಾಸಾದ ನ್ಯೂ ಹೊರೈಜನ್ಸ್ ನೌಕೆ ಹತ್ತಿರ ಹೋಗುವ ಮೊದಲೇ ಅದರ ಗಾತ್ರ, ಆಕಾರದ ಅಂದಾಜು ಸಿಕ್ಕಿತ್ತಂತೆ. ಅದು ಹೇಗೆ?

ಉತ್ತರ: ನೆರಳು ಹಿಡಿದು. ಬರೀ ಹೊಳಪು ನೋಡಿ ಗಾತ್ರ ಹೇಳಲಾಗದು. ಬೆಳ್ಳಗಿರುವ ಪುಟ್ಟ ಕಾಯವೂ ಕಪ್ಪಗಿರುವ ದೊಡ್ಡ ಕಾಯವೂ ಒಂದೇ ಸಮ ಹೊಳೆಯಬಹುದು. ಆದರೆ ಆ ಕಾಯ ಯಾವುದಾದರೂ ನಕ್ಷತ್ರಕ್ಕೆ ಅಡ್ಡ ಬಂದರೆ ಅದರ ನೆರಳು ಭೂಮಿಯ ಮೇಲೆ ಹಾಯುತ್ತದೆ. ನಕ್ಷತ್ರದ ಕಿರಣಗಳು ಸಮಾಂತರವಾಗಿ ಬರುವುದರಿಂದ ನೆರಳಿನ ಅಗಲ ಹೆಚ್ಚುಕಡಿಮೆ ಕಾಯದಷ್ಟೇ. ಅದರ ವೇಗ ಸೆಕೆಂಡಿಗೆ ಸುಮಾರು 25 ಕಿ.ಮೀ. ನಕ್ಷತ್ರ ಒಂದು ಸೆಕೆಂಡ್ ಮರೆಯಾದರೆ ನಿಮ್ಮ ಮೇಲೆ 25 ಕಿ.ಮೀ. ಉದ್ದದ ನೆರಳು ಹಾಯಿತು ಎಂದೇ ಲೆಕ್ಕ. ಒಂದು ದೂರದರ್ಶಕದಿಂದ ಸಿಗುವುದು ಒಂದೇ ಗೆರೆ. ನೆರಳಿನ ದಾರಿಗೆ ಅಡ್ಡಲಾಗಿ, ಕೆಲವು ಕಿ.ಮೀ. ಅಂತರದಲ್ಲಿ ಹಲವನ್ನು ಸಾಲಾಗಿ ನಿಲ್ಲಿಸಿದರೆ ಗೆರೆಗಳ ತುದಿಗಳನ್ನು ಕೂಡಿಸಿ ಆಕಾರ ಬರೆಯಬಹುದು.

ಕಷ್ಟವಿರುವುದು ಎಲ್ಲಿ ನಿಲ್ಲಬೇಕೆಂಬುದರಲ್ಲಿ. ಅರೊಕೋತ್‌ನ ಸ್ಥಾನದ ಲೆಕ್ಕ ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ನೆರಳು 31 ಕಿ.ಮೀ. ಆಚೆ ಬೀಳುತ್ತದೆ, ಇಡೀ ಕಾಯದ ಉದ್ದವೇ ಸುಮಾರು 36 ಕಿ.ಮೀ. 2017ರ ಜೂನ್ 3ರಂದು ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾದಲ್ಲಿ ಕಾದವರಿಗೆ ನೆರಳು ಸಿಗಲೇ ಇಲ್ಲ. ಹಬಲ್‌ನ ಅಳತೆ, ಗಾಯಾ ಉಪಗ್ರಹದ ನಕ್ಷತ್ರಪಟ್ಟಿ ಎರಡನ್ನೂ ಆಧರಿಸಿ ಜುಲೈ 17ಕ್ಕೆ ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ 40 ಸೆಂ.ಮೀ.ನ 24 ದೂರದರ್ಶಕಗಳನ್ನು ನಿಲ್ಲಿಸಿದರು. ಗಾಳಿಗೆ ಲಾರಿಗಳನ್ನೇ ಅಡ್ಡ ನಿಲ್ಲಿಸಿ, ಬೀದಿದೀಪ ಆರಿಸಿದ್ದರು. ಐದಕ್ಕೆ ನೆರಳು ಸಿಕ್ಕಿತು, ಅಷ್ಟೇ ಸಾಕಾಯಿತು: ಕಾಯ ಒಂದೋ ಬಹಳ ನೀಳ, ಇಲ್ಲವೇ ಅಂಟಿಕೊಂಡ ಜೋಡಿ. 2019ರ ಜನವರಿ 1ರಂದು ಸುಮಾರು 3,500 ಕಿ.ಮೀ. ದೂರದಲ್ಲಿ ಹಾದುಹೋದ ನೌಕೆ ತೆಗೆದ ಚಿತ್ರಗಳಲ್ಲಿ ಕಂಡದ್ದು ಜೋಡಿಯೇ.

ಪ್ರಶ್ನೆ: 20 ಸೆಂ.ಮೀ. ದೂರದರ್ಶಕದಲ್ಲಿ ಇದು ಸಾಧ್ಯವೇ?

ಉತ್ತರ: ಕಾಯ ಕಾಣಬೇಕಿಲ್ಲ, ನಕ್ಷತ್ರ ಕಂಡರೆ ಸಾಕು, ವೀಡಿಯೊಗೆ ಅದು 11-12ನೇ ಕಾಂತಿಮಾನಕ್ಕಿಂತ (ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಂಕು) ಮಂಕಾಗಿರದಿದ್ದರೆ ಒಳ್ಳೆಯದು. ಅಂಥ ಅವಕಾಶ ಅಪರೂಪ. ಅರೊಕೋತ್‌ನಂಥ ಪುಟಾಣಿಗೆ ಕೈ ಹಾಕಬೇಡಿ, ಅದೇ ಪಟ್ಟಿಯ, ಸುಮಾರು 1,100 ಕಿ.ಮೀ. ವ್ಯಾಸದ ಕ್ವಾವಾರ್‌ನಂಥದ್ದನ್ನು ಆರಿಸಿ. ಒಂದೊಂದು ಫ್ರೇಮ್ 0.2 ಸೆಕೆಂಡ್ ಮೀರದಿರಲಿ, ಕ್ಯಾಮೆರಾದ ಸ್ವಯಂಚಾಲಿತ ಹೊಂದಾಣಿಕೆಗಳನ್ನೆಲ್ಲ ಆಫ್ ಮಾಡಿಡಿ. ಹೆಚ್ಚಿನವರ ದಾಖಲೆ ಕೆಡುವುದು ಗಡಿಯಾರದಿಂದ: ಲ್ಯಾಪ್‌ಟಾಪ್ ಅರ್ಧ ಸೆಕೆಂಡ್ ತಪ್ಪಿದರೂ ನಿಮ್ಮ ಗೆರೆ 12 ಕಿ.ಮೀ. ಜರುಗುತ್ತದೆ. ಜಿಪಿಎಸ್ ಸಮಯ ಪ್ರತಿ ಫ್ರೇಮಿನ ಮೇಲೂ ಮೂಡಬೇಕು. ಪಕ್ಕದ ನಕ್ಷತ್ರವೊಂದನ್ನೂ ಚೌಕಟ್ಟಿನಲ್ಲಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಮಂಕಾದರೆ ಅದು ಮೋಡ.

ದಾಖಲೆಯನ್ನು ಮುನ್ಸೂಚನೆಯ ವೇಳೆಗೆ ಹತ್ತು ನಿಮಿಷ ಮೊದಲು ಶುರುಮಾಡಿ, ಹತ್ತು ನಿಮಿಷ ನಂತರ ನಿಲ್ಲಿಸಿ. ನೆರಳಿನ ವೇಗ ಸೆಕೆಂಡಿಗೆ 25 ಕಿ.ಮೀ. ಇದ್ದರೆ ಕ್ವಾವಾರ್ ನಕ್ಷತ್ರವನ್ನು ಮರೆಮಾಡುವುದು ಹೆಚ್ಚೆಂದರೆ ಮುಕ್ಕಾಲು ನಿಮಿಷ. ಆದರೆ 2023ರಲ್ಲಿ ಪ್ರಕಟವಾದ ಅದರ ಉಂಗುರ ಇರುವುದು ಕೇಂದ್ರದಿಂದ ಸುಮಾರು 4,100 ಕಿ.ಮೀ. ದೂರದಲ್ಲಿ. ಆ ಕ್ಷಣಿಕ ಮಂಕು ಎರಡೂ ಬದಿಗೆ ಎರಡೂವರೆ ನಿಮಿಷಕ್ಕೂ ಆಚೆ ಬರಬಹುದು. ನಕ್ಷತ್ರ ಮರೆಯಾಗದಿದ್ದರೂ ವರದಿ ಕಳಿಸಿ, ನೆರಳಿನ ಅಂಚು ಎಲ್ಲಿಗೆ ಮುಗಿಯಿತೆಂದು ತಿಳಿಯುವುದು ಅದರಿಂದಲೇ.

ಪ್ರಶ್ನೆ: ಹಿಮಕಾಯವೆಂದ ಮೇಲೆ ಅರೊಕೋತ್ ಕೆಂಪಗೇಕೆ?

ಉತ್ತರ: ಅದರ ಮೈಮೇಲೆ ಮೆಥನಾಲ್ ಹಿಮವಿದೆ. ವಿಕಿರಣ ತಾಗುತ್ತ ತಾಗುತ್ತ ಇಂಥ ಇಂಗಾಲದ ಸಂಯುಕ್ತಗಳು ಒಡೆದು, ಮತ್ತೆ ಕೂಡಿ, ಕೆಂಪು ಛಾಯೆಯ ಜಟಿಲ ವಸ್ತುಗಳಾಗುತ್ತವೆ.